ಜಿಪ್ಸಮ್ ಸೀಲಿಂಗ್‌ನ ಬಿರುಕು, ತೂತು, ಕಲೆಗೆ ಯಾವ ಮಾಲು ಸರಿ? ಪುಟ್ಟಿ, ಪಿಒಪಿ, ಜಾಯಿಂಟಿಂಗ್ ಕಂಪೌಂಡ್‌ಗಳ ಹೋಲಿಕೆ

ಫಾಲ್ಸ್ ಸೀಲಿಂಗ್‌ನಲ್ಲಿ ಗೆರೆ ಬಿದ್ದರೆ ಪೇಂಟರ್ ಹೇಳುವ ಮಾತು ಬೆಳಗಾವಿಯ ಟಿಳಕವಾಡಿಯಲ್ಲೂ ಅದೇ, ಬಾಗಲಕೋಟೆಯ ನವನಗರದಲ್ಲೂ ಅದೇ: “ಪುಟ್ಟಿ ಹಚ್ಚಿ ಬಣ್ಣಾ ಹೊಡೆದ್ರ ಮುಗೀತ್ರೀ.” ಬಣ್ಣ ಒಣಗಿದ ದಿನ ಸೀಲಿಂಗ್ ಚೊಕ್ಕವಾಗಿಯೇ ಕಾಣುತ್ತದೆ. ಒಂದು ಮಳೆಗಾಲವೋ ಒಂದು ಬೇಸಿಗೆಯೋ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಎದ್ದಿರುತ್ತದೆ. ಬಹಳ ಸಲ ಇದು ಕೈಕೆಲಸದ ತಪ್ಪಲ್ಲ, ಆರಿಸಿದ ಮಾಲಿನ ತಪ್ಪು. ಸಿಮೆಂಟ್ ಗೋಡೆಗೆ ಚೆನ್ನಾಗಿ ಹಿಡಿಯುವ ಪುಟ್ಟಿ ಜಿಪ್ಸಮ್ ಬೋರ್ಡಿಗೆ ಹಿಡಿಯುವುದಿಲ್ಲ. ಜುಲೈನ ಬೆಳಗಾವಿಯಲ್ಲಿ ನಡೆಯುವ ಕ್ರಮ ಏಪ್ರಿಲ್‌ನ ವಿಜಯಪುರದಲ್ಲಿ ನಡೆಯುವುದಿಲ್ಲ.

ಅಂಗಡಿಯಲ್ಲಿ ದರ ಕೇಳುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬೇಕು. ಬಿರುಕು ಬಿಟ್ಟ ಜಾಗ ಇನ್ನೂ ಅಲುಗಾಡುತ್ತಿದೆಯೇ? ಅಲ್ಲಿ ತೇವ ಇದೆಯೇ? ಈಗಿನ ಹವೆಯಲ್ಲಿ ಹಚ್ಚಿದ್ದು ಎಷ್ಟು ಹೊತ್ತಿಗೆ ಒಣಗುತ್ತದೆ? ಸಣ್ಣ ದುರಸ್ತಿಗೆ ಬೇಕಾಗುವುದು ಒಂದೆರಡು ಕಿಲೋ ಮಾಲು, ಆದ್ದರಿಂದ ದರದಲ್ಲಿ ಉಳಿಯುವುದು ಬಹಳ ಕಡಿಮೆ. ಮತ್ತೆ ಕೆರೆದು ಮತ್ತೆ ಬಣ್ಣ ಹೊಡೆಸುವ ಖರ್ಚೇ ದೊಡ್ಡದು.

ಮೊದಲು ತಲೆಯ ಮೇಲೆ ಇರುವುದು ಏನೆಂದು ನೋಡಿ

ಜಿಪ್ಸಮ್ ಬೋರ್ಡ್, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಪ್ಲಾಸ್ಟರ್ ಮಾಡಿದ ಸ್ಲ್ಯಾಬ್ ಮೂರೂ ಬಣ್ಣ ಹೊಡೆದ ಮೇಲೆ ಒಂದೇ ಥರ ಕಾಣುತ್ತವೆ. ತಿಳಿಯಲು ಸುಲಭದ ದಾರಿ ಸೀಲಿಂಗಿನ ತೂತಿನಲ್ಲಿ ಕೂರಿಸಿದ ಲೈಟ್, ಅಂದರೆ ಡೌನ್‌ಲೈಟ್. ಎಂಸಿಬಿ (ಕರೆಂಟ್ ಕಡಿಯುವ ಬೋರ್ಡಿನ ಸ್ವಿಚ್) ಆಫ್ ಮಾಡಿ, ಲೈಟನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಎರಡೂ ಬದಿಯ ಸ್ಪ್ರಿಂಗ್ ಕ್ಲಿಪ್ ಫಟ್ಟನೆ ಮಡಚಿಕೊಳ್ಳುತ್ತವೆ, ಬೆರಳು ದೂರ ಇರಲಿ. ಈಗ ತೂತಿನ ಅಂಚಿಗೆ ಟಾರ್ಚ್ ಹಿಡಿಯಿರಿ. ನಡುವೆ ಬಿಳಿ ತಿರುಳು, ಮೇಲೂ ಕೆಳಗೂ ಕಾಗದ, ಎಲ್ಲ ಕಡೆ ಒಂದೇ ದಪ್ಪ, ಸುಮಾರು 12.5 ಮಿಲಿಮೀಟರ್: ಇದು ಜಿಪ್ಸಮ್ ಬೋರ್ಡ್. ಕಾಗದವಿಲ್ಲದೆ ಪೂರ್ತಿ ಬಿಳಿ, ದಪ್ಪ ಒಂದೊಂದು ಕಡೆ ಒಂದೊಂದು ಥರ, ಅಂಚಿನಲ್ಲಿ ನಾರಿನ ಎಳೆ ಕಂಡರೆ ಪಿಒಪಿ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದೇ ಬಾರದಿದ್ದರೆ ಅದು ಸ್ಲ್ಯಾಬ್. ಸ್ಲ್ಯಾಬಿನ ಪ್ಲಾಸ್ಟರ್‌ಗೆ ಬಿಳಿ ಸಿಮೆಂಟ್ ಪುಟ್ಟಿಯೇ ಸರಿ, ಅಲ್ಲಿ ಪೇಂಟರ್ ಮಾತು ಕೇಳಿ. ಈ ಬರಹ ಉಳಿದ ಎರಡರದ್ದು, ಅದರಲ್ಲೂ ಹೆಚ್ಚಾಗಿ ಬೋರ್ಡಿನದು.

ಗುರುತು ನೋಡಿ ಕಾರಣ ಹಿಡಿಯುವುದು

ಬೋರ್ಡುಗಳು ಸಾಮಾನ್ಯವಾಗಿ 6 ಅಡಿ ಉದ್ದ, 4 ಅಡಿ ಅಗಲ. ಬಿರುಕು ದಾರ ಹಿಡಿದಂತೆ ನೇರವಾಗಿದ್ದು, ಪಕ್ಕದ ಬಿರುಕು ಅಥವಾ ಗೋಡೆಯಿಂದ 4 ಅಥವಾ 6 ಅಡಿ ದೂರದಲ್ಲಿದ್ದರೆ ಅದು ಎರಡು ಬೋರ್ಡಿನ ಸಂದು. ಅಲ್ಲಿ ಸಂದಿನ ಮೇಲೆ ಕೂರಿಸುವ ಟೇಪ್ ಹಾಕಿಲ್ಲ, ಅಥವಾ ಹಾಕಿದ ಟೇಪ್ ಬಿಟ್ಟುಕೊಂಡಿದೆ. ಒಂದೇ ಸಾಲಿನಲ್ಲಿ ಪಾವಲಿ ಅಗಲದ ಉಬ್ಬುಗಳು ಕಂಡರೆ ಸ್ಕ್ರೂ ಸಡಿಲಾಗಿದೆ. ಗೋಡೆಯೂ ಸೀಲಿಂಗೂ ಕೂಡುವ ಮೂಲೆಯಲ್ಲಿ ಉದ್ದಕ್ಕೂ ಎಳೆ ಬಿಟ್ಟಿದ್ದರೆ ಎರಡು ಬೇರೆ ಬೇರೆ ವಸ್ತುಗಳು ಬಿಸಿಲು ತಂಪಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುತ್ತಿವೆ ಎಂದರ್ಥ. ಕಂದು ಅಂಚಿನ ಹಳದಿ ಕಲೆ ಬಿದ್ದಿದ್ದರೆ ಅದು ನೀರಿನದು.

ವಿಜಯಪುರ, ಬಾಗಲಕೋಟೆಯ ಎರೆ ಭೂಮಿಯಲ್ಲಿ ಕಟ್ಟಿದ ಮನೆಗಳಲ್ಲಿ ಇನ್ನೊಂದು ಬಗೆ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಆಗ ಸೀಲಿಂಗ್‌ನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಗೋಡೆಯ ಮೇಲೂ ಇಳಿದಿರುತ್ತದೆ, ಋತುವಿಗೆ ತಕ್ಕಂತೆ ಅಗಲವಾಗಿ ಸಣ್ಣದಾಗುತ್ತದೆ. ಇದು ಸೀಲಿಂಗ್‌ನ ರೋಗವಲ್ಲ. ಇಲ್ಲಿ ಯಾವ ಪುಟ್ಟಿಯೂ ನಿಲ್ಲದು, ಮೊದಲು ಎಂಜಿನಿಯರ್‌ಗೆ ಗೋಡೆ ತೋರಿಸಿ. ಹಳೆಯ ಜಂತಿ ಮಾಳಿಗೆಯ ಕೆಳಗೆ ಬೋರ್ಡ್ ಹೊಡೆಸಿದವರಿಗೂ ಇದೇ ಎಚ್ಚರಿಕೆ: ಮೇಲಿನಿಂದ ಉದುರಿದ ಮಣ್ಣು ಬೋರ್ಡಿನ ಮೇಲೆ ಕೂತು ಭಾರವಾಗಿ ಸಂದು ಬಿಡಿಸಿರಬಹುದು. ಡೌನ್‌ಲೈಟಿನ ತೂತಿನಲ್ಲಿ ಮೊಬೈಲ್ ಕ್ಯಾಮೆರಾ ಇಟ್ಟು ಫ್ಲ್ಯಾಶ್ ಹಾಕಿ ಒಂದು ವಿಡಿಯೊ ತೆಗೆದರೆ ಒಳಗಿನ ಸ್ಥಿತಿ ಕಾಣುತ್ತದೆ.

ಅಲುಗಾಡುತ್ತಿದೆಯೋ ಇಲ್ಲವೋ ಅನುಮಾನವಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಒಂದೂವರೆ ಎರಡು ತಿಂಗಳಲ್ಲಿ ಬಿರುಕು ಗೆರೆ ದಾಟಿರದಿದ್ದರೆ ಗಟ್ಟಿ ಮಾಲು ತುಂಬಬಹುದು. ದಾಟಿದ್ದರೆ ಟೇಪ್ ಇಲ್ಲದ ದುರಸ್ತಿ ವ್ಯರ್ಥ.

ಅಂಗಡಿಯಲ್ಲಿ ಸಿಗುವ ಮಾಲು, ಒಂದೊಂದಾಗಿ

ಬಿಳಿ ಸಿಮೆಂಟ್ ಪುಟ್ಟಿ ಎಲ್ಲರ ಮನೆಯಲ್ಲೂ ಅರ್ಧ ಚೀಲ ಉಳಿದಿರುತ್ತದೆ, ಹಾಗಾಗಿ ಕೈ ಮೊದಲು ಅದಕ್ಕೇ ಹೋಗುತ್ತದೆ. ಜಿಪ್ಸಮ್ ಮೇಲೆ ಅದು ಎರಡು ಕಾರಣಕ್ಕೆ ಸೋಲುತ್ತದೆ. ಸಿಮೆಂಟ್ ಗಟ್ಟಿಯಾಗಲು ನೀರು ಉಳಿಯಬೇಕು. ಬೋರ್ಡಿನ ಕಾಗದವೂ ಒಳಗಿನ ಜಿಪ್ಸಮ್ಮೂ ಆ ನೀರನ್ನು ಹೀರಿಬಿಡುತ್ತವೆ, ಪುಟ್ಟಿ ಹಿಟ್ಟಾಗಿ ಉಳಿಯುತ್ತದೆ. ಎರಡನೆಯದು ರಾಸಾಯನಿಕ. ತೇವ ಇರುವ ಕಡೆ ಜಿಪ್ಸಮ್‌ನ ಸಲ್ಫೇಟ್ ಸಿಮೆಂಟಿನ ಜೊತೆ ಕೂಡಿ ಉಬ್ಬುವ ಹರಳು ಕಟ್ಟುತ್ತದೆ, ಎರಡರ ನಡುವಿನ ಹಿಡಿತ ಕಳಚಿ ಪುಟ್ಟಿ ಹಾಳೆ ಹಾಳೆಯಾಗಿ ಏಳುತ್ತದೆ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಇದಕ್ಕೆ ಬೇಕಾದ ತೇವ ಧಾರಾಳವಾಗಿ ಸಿಗುತ್ತದೆ. ಬೋರ್ಡಿನ ಸಂದಿಗೆ ಸಿಮೆಂಟ್ ಪುಟ್ಟಿ ಬೇಡವೇ ಬೇಡ.

ಪಿಒಪಿ ಅಗ್ಗ, ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುವುದಿಲ್ಲ. ಸೀಲಿಂಗೇ ಪಿಒಪಿಯದಾಗಿದ್ದರೆ ಇದೇ ಸರಿಯಾದ ಜೋಡಿ. ಹಳೆಯ ಪಿಒಪಿಯ ಅಂಚಿಗೆ ಮೊದಲು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಹೊಸದರ ನೀರನ್ನು ಹಳೆಯದು ಕುಡಿದು ಬಿಡುತ್ತದೆ. ಬೋರ್ಡಿನ ಸಂದಿಗೆ ಮಾತ್ರ ಬರಿಯ ಪಿಒಪಿ ಸಾಲದು. ಅದರಲ್ಲಿ ಅಂಟಿನ ಅಂಶವಿಲ್ಲ, ಬಾಗುವ ಗುಣವಿಲ್ಲ. ಕಾಗದದ ಟೇಪನ್ನು ಹಿಡಿದುಕೊಳ್ಳುವುದೂ ಇಲ್ಲ. ಫ್ಯಾನಿನ ನಡುಕಕ್ಕೆ, ಬಾಗಿಲು ಬಡಿದ ಸದ್ದಿಗೆ ಸಂದಿನ ಉದ್ದಕ್ಕೂ ಕೂದಲೆಳೆ ಬಿಡುತ್ತದೆ.

ಬೋರ್ಡಿಗೆಂದೇ ಮಾಡಿದ್ದು ಜಾಯಿಂಟಿಂಗ್ ಕಂಪೌಂಡ್. ಇದರಲ್ಲಿ ಎರಡು ಜಾತಿ. ಅಂಗಡಿಯವರು ಎರಡನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದ ಚೀಲ ತಿರುಗಿಸಿ ಓದಬೇಕು. ಸೆಟ್ಟಿಂಗ್ ಟೈಮ್ ಇಷ್ಟು ನಿಮಿಷ ಎಂದು ಬರೆದಿದ್ದರೆ ಅದು ನೀರಿನ ಜೊತೆ ರಾಸಾಯನಿಕವಾಗಿ ಗಟ್ಟಿಯಾಗುವ ಪುಡಿ. ಡ್ರೈಯಿಂಗ್ ಟೈಮ್ ಇಷ್ಟು ಗಂಟೆ ಎಂದಿದ್ದರೆ ಅದು ನೀರು ಆರಿದ ಮೇಲೆ ಗಟ್ಟಿಯಾಗುವಂಥದ್ದು. ಬಕೆಟ್‌ನಲ್ಲಿ ಕಲಸಿಯೇ ಬರುವ ರೆಡಿಮಿಕ್ಸ್ ಎಲ್ಲ ಈ ಎರಡನೆಯ ಜಾತಿ, ಕೆಲವು ಪುಡಿಗಳೂ ಹೌದು.

ಸೆಟ್ಟಿಂಗ್ ಪುಡಿ ಕುಗ್ಗುವುದು ಬಹಳ ಕಡಿಮೆ, ಗಟ್ಟಿಯಾಗಿ ನಿಲ್ಲುತ್ತದೆ, ಆಳದ ತೂತಿಗೂ ಒಂದೇ ಸಲ ತುಂಬಬಹುದು. ಅದರ ತೊಂದರೆ ಎಂದರೆ ಉಜ್ಜುವುದು ಕಷ್ಟ, ಕಲಸಿದ್ದನ್ನು ಹೇಳಿದ ಹೊತ್ತಿನೊಳಗೆ ಮುಗಿಸಲೇಬೇಕು. ರೆಡಿಮಿಕ್ಸ್ ಬೆಣ್ಣೆಯಂತೆ ಹರಡುತ್ತದೆ, ಉಜ್ಜಲು ಸುಲಭ, ಉಳಿದದ್ದನ್ನು ಮುಚ್ಚಿಡಬಹುದು. ಆದರೆ ಒಣಗುವಾಗ ಕುಗ್ಗುತ್ತದೆ. ದಪ್ಪ ಹಚ್ಚಿದರೆ ನಡುವೆ ತಗ್ಗು ಬೀಳುತ್ತದೆ, ಸೀಳುತ್ತದೆ. ಒಂದೇ ಮಾಲು ಕೊಳ್ಳುವುದಿದ್ದರೆ ನಮ್ಮ ಆಯ್ಕೆ ಸೆಟ್ಟಿಂಗ್ ಪುಡಿ. ಎರಡನ್ನೂ ಕೊಳ್ಳುವುದಿದ್ದರೆ ತುಂಬಲು, ಟೇಪ್ ಕೂರಿಸಲು ಪುಡಿ, ಕೊನೆಯ ತೆಳು ಪದರಕ್ಕೆ ರೆಡಿಮಿಕ್ಸ್. 6 ಅಡಿಯ ಒಂದು ಸಂದಿಗೆ ಮೂರು ಪದರ ಸೇರಿ, ಕೆಳಗೆ ಬಿದ್ದು ಹಾಳಾಗುವುದನ್ನೂ ಹಿಡಿದು, ಸುಮಾರು 1 ಕಿಲೋ ಇಟ್ಟುಕೊಳ್ಳಿ.

ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ಪುಟ್ಟಿಯ ಜಾಗ ಸಣ್ಣದು. ಮೊಳೆ ತೂತು, ಗೀರು, ಉಜ್ಜಿದ ಮೇಲೆ ಉಳಿದ ಸೂಜಿಮೊನೆಯ ಗುಳಿಗಳಿಗೆ 1 ಮಿಲಿಮೀಟರ್‌ಗಿಂತ ತೆಳ್ಳಗೆ ಹಚ್ಚಲು ಒಳ್ಳೆಯದು. ಸಂದು ತುಂಬಲು ಶಕ್ತಿಯಿಲ್ಲ, ತೇವ ಬಡಿದರೆ ಮೆತ್ತಗಾಗುತ್ತದೆ.

ಗೋಡೆ-ಸೀಲಿಂಗ್ ಮೂಲೆಯ ಬಿರುಕಿಗೆ ಇವು ಯಾವುವೂ ಅಲ್ಲ, ಅಲ್ಲಿಗೆ ಟ್ಯೂಬಿನಲ್ಲಿ ಬರುವ ಅಕ್ರಿಲಿಕ್ ಸೀಲೆಂಟ್. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ, ಮೇಲೆ ಬಣ್ಣವೂ ಕೂರುತ್ತದೆ. ಅಂಗಡಿಯವರು ಸಿಲಿಕೋನ್ ಕೊಟ್ಟರೆ ವಾಪಸ್ ಕೊಡಿ, ಸಿಲಿಕೋನ್ ಮೇಲೆ ಬಣ್ಣ ಹಿಡಿಯದು, ಒಮ್ಮೆ ಹಚ್ಚಿದರೆ ತೆಗೆಯುವುದೂ ದೊಡ್ಡ ಕೆಲಸ. ಟ್ಯೂಬಿನ ಮೂತಿಯನ್ನು ಓರೆಯಾಗಿ 4–5 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ, ಬಿರುಕಿನೊಳಗೆ ಒತ್ತಿ ತುಂಬಿ, ಒದ್ದೆ ಬೆರಳಿನಿಂದ ಒಂದೇ ಎಳೆತಕ್ಕೆ ಸವರಿ. ಬಿರುಕು ಅಗಲವಾಗಿರುವ ಕಾಲದಲ್ಲಿ ತುಂಬಿದರೆ ಒಳ್ಳೆಯದು. ಆಮೇಲೆ ಅದು ಒತ್ತಿಕೊಳ್ಳುತ್ತದೆ ಅಷ್ಟೇ, ಎಳೆದು ಹರಿಯುವುದಿಲ್ಲ.

ಕಾಗದದ ಟೇಪೋ, ಜಾಲರಿ ಟೇಪೋ

ಜಾಲರಿ ಟೇಪ್‌ಗೆ ಹಿಂದೆ ಅಂಟು ಇರುತ್ತದೆ, ಸಂದಿನ ಮೇಲೆ ಅಂಟಿಸಿ ಮೇಲೆ ಕಂಪೌಂಡ್ ಎಳೆದರೆ ಸಾಕು. ಒಬ್ಬರೇ ಏಣಿಯ ಮೇಲೆ ನಿಂತು ಮಾಡುವವರಿಗೆ ಅನುಕೂಲ. ಆದರೆ ಜಾಲರಿ ತುಸು ಹಿಗ್ಗುತ್ತದೆ. ಅದರ ಮೇಲೆ ರೆಡಿಮಿಕ್ಸ್ ಹಚ್ಚಿದರೆ ಸಂದು ಮತ್ತೆ ಸೀಳುವ ಸಂಭವ ಹೆಚ್ಚು. ಜಾಲರಿ ಹಾಕಿದರೆ ಮೇಲೆ ಸೆಟ್ಟಿಂಗ್ ಪುಡಿಯೇ ಇರಲಿ. ತೂತು ಮುಚ್ಚಲು ಜಾಲರಿ, ಉದ್ದದ ಸಂದಿಗೆ ಕಾಗದ, ಹೀಗೆ ಹಂಚಿಕೊಂಡರೆ ತಪ್ಪುವುದಿಲ್ಲ.

ಕಾಗದದ ಟೇಪ್ 50 ಮಿಲಿಮೀಟರ್ ಅಗಲ, ನಡುವೆ ಮಡಿಕೆಯ ಗೆರೆ. ಹಿಗ್ಗುವುದೇ ಇಲ್ಲ, ಅದೇ ಅದರ ಬಲ. ಕೂರಿಸುವುದರಲ್ಲಿ ಕೈ ಕೆಲಸ ಬೇಕು:

1. ಸಂದಿನ ಎರಡೂ ಬದಿಗೆ 50 ಮಿಲಿಮೀಟರ್‌ವರೆಗೆ ಸಡಿಲ ಪುಟ್ಟಿ, ಬಿಟ್ಟ ಟೇಪ್ ಎಲ್ಲ ಕೆರೆದು ತೆಗೆಯಿರಿ. ಕೆಳಗೆ ಹಳೆಯ ಡಿಸ್ಟೆಂಪರ್ ಇದ್ದರೆ ಒದ್ದೆ ಸ್ಪಂಜಿನಿಂದ ಒರೆಸಿ. ಬೆರಳಿಗೆ ಬಿಳಿ ಹಿಟ್ಟು ಹತ್ತುವವರೆಗೆ ಅದರ ಮೇಲೆ ಏನೂ ನಿಲ್ಲದು.
2. ಅಂಗೈಯಿಂದ ಬೋರ್ಡನ್ನು ಮೇಲಕ್ಕೆ ಒತ್ತಿ. ಅಲುಗಿದರೆ ಮೊದಲು ಸ್ಕ್ರೂ ಹಾಕಿ. ಚಾನೆಲ್, ಅಂದರೆ ಬೋರ್ಡನ್ನು ಹೊತ್ತ ಲೋಹದ ಪಟ್ಟಿ, ಎಲ್ಲಿದೆ ಎಂಬುದನ್ನು ಸಣ್ಣ ಅಯಸ್ಕಾಂತ ತೋರಿಸುತ್ತದೆ. 25 ಮಿಲಿಮೀಟರ್‌ನ ಡ್ರೈವಾಲ್ ಸ್ಕ್ರೂ, ಒಂದರಿಂದ ಒಂದಕ್ಕೆ 230 ಮಿಲಿಮೀಟರ್ ಮೀರದ ಅಂತರ.
3. ಎರಡು ಪಾಲು ಪುಡಿಗೆ ಒಂದು ಪಾಲು ನೀರು ಸಾಮಾನ್ಯ ಅಳತೆ, ಚೀಲದ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿದರೆ ಗಂಟು ಕಟ್ಟುತ್ತದೆ. ಪುಟ್ಟಿ ಬ್ಲೇಡ್ ತಿರುಗಿಸಿದರೂ ಬೀಳದ ಹದಕ್ಕೆ ಬರಲಿ.
4. ಸಂದಿಯೊಳಗೆ ಒತ್ತಿ ತುಂಬಿ, ಮೇಲೆ 75 ಮಿಲಿಮೀಟರ್ ಅಗಲಕ್ಕೆ ಒಂದೂವರೆ ಮಿಲಿಮೀಟರ್ ಹಾಸು ಎಳೆಯಿರಿ. ಟೇಪಿನ ಮಡಿಕೆಯ ಉಬ್ಬು ಸಂದಿಯ ಕಡೆಗೆ ಇರಲಿ. ನಡುವಿನಿಂದ ತುದಿಗಳತ್ತ 4 ಇಂಚಿನ ಬ್ಲೇಡ್‌ನಿಂದ ಒತ್ತುತ್ತ ಹೋಗಿ. ಕೆಳಗಿನ ಕಂಪೌಂಡ್ ಪೂರ್ತಿ ಹೊರಗೆ ಬಂದರೆ ಟೇಪ್ ಒಣಗಿ ಗುಳ್ಳೆ ಏಳುತ್ತದೆ, ತೆಳುವಾಗಿ ಉಳಿಯಲೇಬೇಕು.
5. ಗಟ್ಟಿಯಾದ ಮೇಲೆ 200 ಮಿಲಿಮೀಟರ್ ಅಗಲಕ್ಕೆ ಎರಡನೆಯ ಪದರ, ಆಮೇಲೆ 300 ಮಿಲಿಮೀಟರ್ ಅಗಲಕ್ಕೆ ಮೂರನೆಯದು. ಕಾರ್ಖಾನೆಯ ತಗ್ಗಿದ ಅಂಚಲ್ಲದೆ ಕತ್ತರಿಸಿದ ಅಂಚುಗಳು ಕೂಡಿದ ಸಂದಾದರೆ 450 ಮಿಲಿಮೀಟರ್‌ವರೆಗೆ ಹರಡಿ, ಇಲ್ಲದಿದ್ದರೆ ಸಂಜೆ ಲೈಟ್ ಹಾಕಿದಾಗ ಉಬ್ಬು ಎದ್ದು ಕಾಣುತ್ತದೆ.

ಉಜ್ಜಲು 150 ನಂಬರಿನ ಎಮರಿ ಪೇಪರ್, ಕೊನೆಗೆ 220. ಟಾರ್ಚನ್ನು ಸೀಲಿಂಗಿಗೆ ತಾಗಿಸಿ ಅಡ್ಡ ಬೆಳಕು ಬಿಟ್ಟರೆ ಅಂಚಿನ ಗೆರೆ, ತಗ್ಗು ಎಲ್ಲ ನೆರಳಾಗಿ ತೋರುತ್ತವೆ. ಕಂಪೌಂಡಿನ ಆಚೆ ಬೋರ್ಡಿನ ಕಾಗದ ಉಜ್ಜಿದರೆ ಎಳೆ ಎದ್ದು ಬಣ್ಣದಲ್ಲಿ ಕೂದಲಾಗಿ ಕಾಣುತ್ತದೆ, ಅಲ್ಲಿ ಕೈ ತಡೆಯಿರಿ. ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಧೂಳೆಲ್ಲ ಮುಖಕ್ಕೇ ಬೀಳುತ್ತದೆ.

ಬೆಳಗಾವಿಯ ಜುಲೈ, ವಿಜಯಪುರದ ಏಪ್ರಿಲ್

ಗಣೇಶ ಚೌತಿಗೆ ಮನೆ ಚೊಕ್ಕವಾಗಬೇಕೆಂದು ಬೆಳಗಾವಿಯಲ್ಲಿ ಬಣ್ಣದ ಕೆಲಸ ಹಿಡಿಯುವುದು ಸರಿಯಾಗಿ ಮಳೆಗಾಲದಲ್ಲಿ. ಆಗ ದಿನಗಟ್ಟಲೆ ಬಿಸಿಲಿಲ್ಲ, ಗಾಳಿಯೆಲ್ಲ ತೇವ. ಒಳ್ಳೆಯ ಹವೆಯಲ್ಲಿ ಒಂದು ದಿನಕ್ಕೆ ಒಣಗುವ ರೆಡಿಮಿಕ್ಸ್ ಪದರಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಕಾಯಲಾರದೆ ಹಸಿ ಪದರದ ಮೇಲೆ ಇನ್ನೊಂದು ಹಚ್ಚಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಕುಗ್ಗಿ, ಬಣ್ಣ ಹೊಡೆದ ಎರಡು ವಾರಕ್ಕೆ ಸಂದು ತೋರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಗೆ ಸೆಟ್ಟಿಂಗ್ ಪುಡಿಯೇ. ಹೊರಗೆ ಮಳೆ ಹೊಯ್ಯುತ್ತಿದ್ದರೂ ಅದು ಹೇಳಿದ ಹೊತ್ತಿಗೆ ಗಟ್ಟಿಯಾಗುತ್ತದೆ, ಅದರ ಮೇಲೆ ಎರಡನೆಯ ಪದರ ಅದೇ ದಿನ ಹಚ್ಚಬಹುದು. ಗಟ್ಟಿಯಾಗಿದೆ ಎಂದರೆ ಒಣಗಿದೆ ಎಂದಲ್ಲ, ಪ್ರೈಮರ್‌ಗೆ ಮಾತ್ರ ಪೂರ್ತಿ ಒಣಗಬೇಕು. ಬೂದು ಛಾಯೆ ಹೋಗಿ ಎಲ್ಲ ಕಡೆ ಒಂದೇ ಬಿಳಿ ಆಗಿದೆಯೇ ನೋಡಿ. ಮುಂಗೈ ಇಟ್ಟಾಗ ತಣ್ಣಗೆ ಹತ್ತಿದರೆ ಇನ್ನೂ ನೀರು ಉಳಿದಿದೆ.

ತೆರೆದಿಟ್ಟ ಚೀಲ ಇದೇ ಕಾಲದಲ್ಲಿ ಗಾಳಿಯ ತೇವ ಕುಡಿದು ಕೆಡುತ್ತದೆ. ಕಳೆದ ವರ್ಷದ ಪುಡಿಯಾದರೆ ಬಟ್ಟಲಲ್ಲಿ ಎರಡು ಚಮಚ ಕಲಸಿ ನೋಡಿ. ಗಂಟುಗಂಟಾಗಿದ್ದರೆ, ಹೇಳಿದ್ದಕ್ಕಿಂತ ಬಹಳ ಬೇಗ ಬಿಗಿದರೆ, ಅಥವಾ ಒಂದು ರಾತ್ರಿ ಕಳೆದರೂ ಉಗುರಿಗೆ ಬರುವಷ್ಟು ಮೆತ್ತಗಿದ್ದರೆ ಬಿಸಾಡಿ.

ವಿಜಯಪುರ, ಬಾಗಲಕೋಟೆಯಲ್ಲಿ ಕೆಲಸ ಬೀಳುವುದು ಮದುವೆ ಸುಗ್ಗಿಯ ಏಪ್ರಿಲ್-ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ. ಇಲ್ಲಿ ತೊಂದರೆ ತಿರುವುಮುರುವು. ಸೆಟ್ಟಿಂಗ್ ಪುಡಿಗೆ ಗಟ್ಟಿಯಾಗಲು ಬೇಕಾದ ನೀರು ಅದಕ್ಕಿಂತ ಮೊದಲೇ ಹಾರಿಹೋಗುತ್ತದೆ, ಪದರ ಗಟ್ಟಿಯಾಗದೆ ಸುಣ್ಣದ ಪುಡಿಯಂತೆ ಉಳಿಯುತ್ತದೆ. ಉಗುರಿನಿಂದ ಕೆರೆದಾಗ ಹಿಟ್ಟು ಉದುರಿದರೆ ಇದೇ ಕಾರಣ. ಬೆಳಗಿನ ಎಂಟರೊಳಗೆ ಕೆಲಸ ಹಿಡಿಯಿರಿ, ಬಿಸಿಲ ಕಡೆಯ ಕಿಟಕಿ ಮುಚ್ಚಿ, ಮೊದಲ ಒಂದು ಗಂಟೆ ಫ್ಯಾನ್ ಬೇಡ. ಹಚ್ಚುವ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಸಾಕು, ಕಾಗದ ನೆನೆಯಬಾರದು. ಕೊನೆಯ ಪದರಕ್ಕೆ ಇಲ್ಲಿ ರೆಡಿಮಿಕ್ಸ್ ಬಹಳ ಅನುಕೂಲ, ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಒಣಗಿರುತ್ತದೆ. ದಪ್ಪ ಮಾತ್ರ ಒಂದೂವರೆ ಮಿಲಿಮೀಟರ್ ದಾಟದಿರಲಿ.

ನೀರಿನ ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ಸವಳು ಬೋರ್ ನೀರಿನ ಉಪ್ಪು ಜಿಪ್ಸಮ್ಮನ್ನು ಬೇಗ ಬಿಗಿಯುವಂತೆ ಮಾಡುತ್ತದೆ, ಆಮೇಲೆ ಬಿಳಿ ಉಪ್ಪಾಗಿ ಬಣ್ಣದ ಮೇಲೆ ಹೂವು ಬಿಡುತ್ತದೆ. ಒಂದು ಸಂದಿಗೆ ಬೇಕಾಗುವುದು ಅರ್ಧ ಲೀಟರ್, ಕುಡಿಯುವ ನೀರನ್ನೇ ಬಳಸಿ. ಬಕೆಟನ್ನು ಪ್ರತಿ ಸಲ ತೊಳೆಯದಿದ್ದರೂ ಇದೇ ಗತಿ: ಅಂಚಿಗೆ ಅಂಟಿದ ಹಳೆಯ ಜಿಪ್ಸಮ್ ಹರಳುಗಳು ಹೊಸದಕ್ಕೆ ಬೀಜವಾಗಿ, ಇಪ್ಪತ್ತು ನಿಮಿಷ ಸಿಗಬೇಕಾದ ಕಡೆ ಏಳೆಂಟು ನಿಮಿಷಕ್ಕೇ ಬಿಗಿಯುತ್ತದೆ. ಬಿಗಿಯಲು ಶುರುವಾದ ಮಾಲಿಗೆ ನೀರು ಹಾಕಿ ಮತ್ತೆ ಕಲಸಿದರೆ ಬಲವೇ ಇರುವುದಿಲ್ಲ.

ಸ್ಕ್ರೂ ಉಬ್ಬು

ಉಬ್ಬಿನ ಮೇಲೆ ಪುಟ್ಟಿ ಸವರುವುದು ಎಲ್ಲರೂ ಮಾಡುವ ತಪ್ಪು. ಸ್ಕ್ರೂ ಚಾನೆಲ್ ಹಿಡಿದಿಲ್ಲ, ಅಥವಾ ಅತಿಯಾಗಿ ಒತ್ತಿ ಕಾಗದ ಹರಿದಿದೆ. ಬೋರ್ಡನ್ನು ಹೊತ್ತಿರುವುದು ಕಾಗದ, ಅದು ಹರಿದ ಮೇಲೆ ತಿರುಳು ಪುಡಿಯಾಗಿ ಸ್ಕ್ರೂ ಅಲ್ಲೇ ತೂಗುತ್ತದೆ. ಹಳೆಯದನ್ನು ಬಿಚ್ಚಿ, ಅದೇ ಚಾನೆಲ್ ಗುಂಟ ಎರಡೂ ಕಡೆ 40–50 ಮಿಲಿಮೀಟರ್ ದೂರದಲ್ಲಿ ಹೊಸ ಸ್ಕ್ರೂ ಹಾಕಿ. ತಲೆ ಕಾಗದಕ್ಕಿಂತ ಅರ್ಧ ಮಿಲಿಮೀಟರ್ ಒಳಗೆ ಹೋದರೆ ಸಾಕು. ಹಾಕುವಾಗ ಇನ್ನೊಂದು ಕೈಯಿಂದ ಬೋರ್ಡನ್ನು ಚಾನೆಲಿಗೆ ಒತ್ತಿ ಹಿಡಿದಿರಬೇಕು. ಹಳೆಯ ತೂತು, ಹೊಸ ತಲೆಗಳ ಮೇಲೆ ಎರಡು ತೆಳು ಪದರ ಕಂಪೌಂಡ್, ಟೇಪ್ ಬೇಡ.

ತೂತು ಎಷ್ಟು ದೊಡ್ಡದು?

ಮೊಳೆ, ಹುಕ್ ತೆಗೆದ ತೂತಿಗೆ ಅಕ್ರಿಲಿಕ್ ಪುಟ್ಟಿ ಸಾಕು. ತೂತಿನ ಸುತ್ತ ಎದ್ದ ಕಾಗದವನ್ನು ಕಟರಿನಿಂದ ಕತ್ತರಿಸಿ, ಬ್ಲೇಡಿನ ಹಿಡಿಯಿಂದ ಒತ್ತಿ ಸಣ್ಣ ತಗ್ಗು ಮಾಡಿ, ಆಮೇಲೆ ತುಂಬಿ. 40 ಮಿಲಿಮೀಟರ್‌ವರೆಗಿನದಕ್ಕೆ ಜಾಲರಿ ಟೇಪನ್ನು ಅಡ್ಡ ಉದ್ದ ಎರಡು ಪದರ ಅಂಟಿಸಿ ಮೇಲೆ ಸೆಟ್ಟಿಂಗ್ ಕಂಪೌಂಡ್.

ಹಳೆಯ ಡೌನ್‌ಲೈಟಿನ 75–100 ಮಿಲಿಮೀಟರ್ ತೂತಿಗೆ ಬರಿಯ ಜಾಲರಿ ಜೋಲುತ್ತದೆ. ತೂತಿಗಿಂತ 100 ಮಿಲಿಮೀಟರ್ ಹೆಚ್ಚು ಉದ್ದದ, 50 ಮಿಲಿಮೀಟರ್ ಅಗಲದ ಪ್ಲೈವುಡ್ ಪಟ್ಟಿಯನ್ನು ಓರೆಯಾಗಿ ಒಳಗೆ ತೂರಿಸಿ, ಬೀಳದಂತೆ ನಡುವೆ ಒಂದು ಸ್ಕ್ರೂ ಹಿಡಿಕೆಯಾಗಿ ಹಾಕಿಕೊಂಡು, ಎರಡೂ ತುದಿಗೆ ಕೆಳಗಿನಿಂದ ಬೋರ್ಡ್ ಮೂಲಕ ಸ್ಕ್ರೂ ಬಿಗಿಯಿರಿ. ಆಮೇಲೆ ಆ ಹಿಡಿಕೆ ತೆಗೆಯಿರಿ. ಅದೇ ದಪ್ಪದ ಬೋರ್ಡಿನ ತುಂಡನ್ನು ತೂತಿನ ಆಕಾರಕ್ಕೆ 2 ಮಿಲಿಮೀಟರ್ ಸಣ್ಣದಾಗಿ ಕತ್ತರಿಸಿ ಪಟ್ಟಿಗೆ ಸ್ಕ್ರೂ ಮಾಡಿ. ಸುತ್ತಲಿನ ಸಂದಿಗೆ ಟೇಪ್, ಕಂಪೌಂಡ್. ಮೇಲೆ ವೈರ್ ಓಡಾಡಿರುತ್ತವೆ, ಸ್ಕ್ರೂ ಹಾಕುವ ಮುನ್ನ ಎಂಸಿಬಿ ಆಫ್ ಇರಲಿ. ಇಷ್ಟೆಲ್ಲ ಬೇಡವೆನ್ನುವವರಿಗೆ ಅದೇ ತೂತಿಗೆ ಅಗಲದ ಎಲ್‌ಇಡಿ ಪ್ಯಾನೆಲ್ ಹಾಕಿಸುವುದು ಒಳ್ಳೆಯ ದಾರಿ. ಲೈಟುಗಳ ಸಾಲಿನಲ್ಲಿರುವ ತೂತಾದರೆ ನಾವು ಇದನ್ನೇ ಮೊದಲು ಹೇಳುತ್ತೇವೆ.

ನೀರಿನ ಕಲೆ

ಕಲೆಯ ಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ಜೋರು ಮಳೆ ಹೋದ ಮೇಲೆ ಗೆರೆ ದಾಟಿದ್ದರೆ ಮೇಲಿನ ತಾರಸಿಯ ಸೋರಿಕೆ. ಮಳೆಯಿಲ್ಲದೆಯೂ ದಾಟಿದರೆ ಮೇಲಿನ ಬಾತ್‌ರೂಮ್ ಅಥವಾ ಎಸಿಯ ಡ್ರೈನ್ ಪೈಪ್. ಸೋರಿಕೆ ನಿಲ್ಲಿಸದೆ ಕೆಳಗೆ ಮಾಡುವ ಕೆಲಸವೆಲ್ಲ ಹಾಳು. ಹೆಬ್ಬೆರಳಿನಿಂದ ಒತ್ತಿ: ಗಟ್ಟಿಯಿದ್ದರೆ ಕಲೆ ಮಾತ್ರ ಮುಚ್ಚಿದರೆ ಸಾಕು. ಒಳಗೆ ಹೋದರೆ, ಜೋತು ಬಿದ್ದಿದ್ದರೆ ಆ ಭಾಗವನ್ನು ಚಾನೆಲ್‌ನಿಂದ ಚಾನೆಲ್‌ವರೆಗೆ ಕತ್ತರಿಸಿ ಹೊಸ ತುಂಡು ಹಾಕಿಸಲೇಬೇಕು. ಜೋತುಬಿದ್ದ ಬೋರ್ಡ್ ಒಣಗಿದರೂ ಹಳೆಯ ಬಲಕ್ಕೆ ಬಾರದು, ತಲೆಯ ಮೇಲೆ ಬೀಳುವ ಅಪಾಯವಿದೆ.

ಕಲೆ ಮುಚ್ಚಲು ನೀರಿನ ಪ್ರೈಮರ್, ಆಯಿಲ್ ಪ್ರೈಮರ್ ಎರಡರಲ್ಲಿ ನೀರಿನದು ಸೋಲುತ್ತದೆ. ಕಲೆಯ ಬಣ್ಣ ನೀರಲ್ಲಿ ಕರಗುವಂಥದ್ದು, ಹಸಿ ಪ್ರೈಮರ್ ಮೂಲಕವೇ ಮೇಲೆ ಬರುತ್ತದೆ. ಎಷ್ಟು ಕೋಟ್ ಹೊಡೆದರೂ ಹಳದಿ ಇಣುಕುತ್ತದೆ. ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡುವ ಆಯಿಲ್ ಪ್ರೈಮರನ್ನು ಕಲೆಗಿಂತ 50 ಮಿಲಿಮೀಟರ್ ಹೊರಗಿನವರೆಗೆ ಹಚ್ಚಿ, ಒಂದು ರಾತ್ರಿ ಬಿಟ್ಟು ಇನ್ನೊಂದು ಕೋಟ್ ಕೊಡಿ. ಕಿಟಕಿ ತೆರೆದಿರಲಿ, ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಹಚ್ಚಬೇಡಿ. ಕಪ್ಪು ಚುಕ್ಕೆಯ ಬೂಷ್ಟು ಇದ್ದರೆ ಅದಕ್ಕೂ ಮೊದಲು ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಸ್ಪಂಜಿನಿಂದ ಒರೆಸಿ, ಪೂರ್ತಿ ಒಣಗಿಸಿ. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಯಾವತ್ತೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ.

ತೇಪೆಗಷ್ಟೇ ಬಣ್ಣವೋ, ಪೂರ್ತಿ ಸೀಲಿಂಗಿಗೋ

ಕಂಪೌಂಡ್ ಬಣ್ಣ ಹೀರುವುದೇ ಬೇರೆ, ಹಳೆಯ ಬಣ್ಣದ ಮೈ ಹೀರುವುದೇ ಬೇರೆ. ಪ್ರೈಮರ್ ಇಲ್ಲದೆ ಹೊಡೆದರೆ ದುರಸ್ತಿಯ ಜಾಗ ಒಣಗಿದ ಮೇಲೆ ಮಂಕಾಗಿ ಕಾಣುತ್ತದೆ. ಪ್ರೈಮರ್ ಹಚ್ಚಿದ ಮೇಲೂ ತೇಪೆಗಷ್ಟೇ ಬಣ್ಣ ಹೊಡೆದರೆ ಹಳೆಯ ಬಿಳಿ, ಹೊಸ ಬಿಳಿ ಸೇರುವುದಿಲ್ಲ, ಕಾಲ ಕಳೆದಂತೆ ಹಳೆಯ ಬಿಳಿ ಮಾಸಿರುತ್ತದೆ. ಅದೇ ಡಬ್ಬಿಯ ಬಣ್ಣ ಉಳಿದಿದ್ದು, ಕೆಲಸ ಒಂದೆರಡು ತಿಂಗಳ ಹಿಂದಿನದಾಗಿದ್ದರೆ ತೇಪೆ ಸರಿ. ಹೊಳಪಿಲ್ಲದ ಮ್ಯಾಟ್ ಇರಲಿ, ಬ್ರಶ್ ಬೇಡ, ಮೊದಲು ಯಾವ ರೋಲರ್‌ನಿಂದ ಹೊಡೆದಿದ್ದರೋ ಅಂಥದೇ ರೋಲರ್. ಉಳಿದಂತೆ ಆ ಕೋಣೆಯ ಪೂರ್ತಿ ಸೀಲಿಂಗ್ ಹೊಡೆಸಿ, ಕೊನೆಯ ಕೋಟಿನ ರೋಲರ್ ಎಳೆತ ಕಿಟಕಿಯ ಬೆಳಕು ಬರುವ ದಿಕ್ಕಿಗೇ ಇರಲಿ.

ಸ್ಕ್ರೂ ಉಬ್ಬು, ಮೊಳೆ ತೂತು, ಮೂಲೆಯ ಸೀಲೆಂಟ್ ಯಾರಾದರೂ ಮನೆಯಲ್ಲೇ ಮಾಡಬಹುದು. ಉದ್ದದ ಸಂದು, ಜೋತುಬಿದ್ದ ಬೋರ್ಡ್ ಬೋರ್ಡ್ ಕೆಲಸದವರಿಗೇ ಕೊಡಿ. ಪೇಂಟರ್‌ಗೆ ಕೊಡುವುದಾದರೆ ಮೊದಲೇ ಮಾತಾಡಿ. ಅವರು ಪುಟ್ಟಿ, ಪಿಒಪಿ ಹಿಡಿಯುವುದು ತಿಳಿಯದೆ ಅಲ್ಲ. ಮೂರು ಪದರದ ಕಂಪೌಂಡ್‌ಗೆ ಎರಡು ಮೂರು ಸಲ ಬರಬೇಕು, ಪಗಾರ ಒಂದು ದಿನದ್ದು. “ಸಂದಿಗೆ ಟೇಪ್ ಹಾಕಿ ಜಾಯಿಂಟಿಂಗ್ ಕಂಪೌಂಡೇ ಹಚ್ಚರಿ, ಮಾಲು ನಾವ ತಂದು ಕೊಡ್ತೀವಿ, ಎರಡು ದಿನದ ಪಗಾರ ಕೊಡ್ತೀವಿ” ಎಂದು ಹೇಳಿ, ಬೇರೆ ಕೋಣೆಯ ಸಣ್ಣಪುಟ್ಟ ಕೆಲಸವನ್ನೂ ಅದೇ ದಿನಗಳಿಗೆ ಕೂಡಿಸಿಕೊಟ್ಟರೆ, ಪದರ ಒಣಗುವವರೆಗೆ ಅವರ ಕೈಗೂ ಕೆಲಸ ಇರುತ್ತದೆ.